ಮಸೂರದ ಮುಂದಿನ ಜೀವ

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಎಣಿಕೆಯಲ್ಲಿ ಹುಳುವಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು ಇಂದ್ರಿಯಗಳು. ಮ್ಯಾಕ್ರೊ ಮಸೂರ ಹಿಡಿದು ಕೈತೋಟಕ್ಕಿಳಿದವನಿಗೆ ಇವೆಲ್ಲವೂ ಎದುರಾಗುತ್ತವೆ. ಕೀಟವು ಅಲುಗದಿರಲೆಂದು ಅದನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಚಿತ್ರ ತೆಗೆಯುವವರೂ ಉಂಟು. ಕೊಲ್ಲಲಿಲ್ಲವಲ್ಲ ಎಂಬುದು ಅವರ ಸಮಾಧಾನ. ಆದರೆ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದೇ ಬಂಧನ.

ಅದರ ಅಗತ್ಯವಾದರೂ ಏನು? ಮುಂಜಾವಿನ ತಂಪಿನಲ್ಲಿ ಚಿಟ್ಟೆಯು ಇಬ್ಬನಿ ಹೊತ್ತು, ಮೈ ಬಿಸಿಯೇರುವವರೆಗೆ ತಾನಾಗಿಯೇ ನಿಶ್ಚಲವಾಗಿರುತ್ತದೆ. ನಾವು ಬೇಗ ಏಳಬೇಕು, ಅಷ್ಟೆ! ಟ್ರೈಪಾಡನ್ನು ಹುಲ್ಲಿನಲ್ಲಿ ಊರುವ ಮುನ್ನ ಅದರ ಮೂರೂ ಕಾಲುಗಳಡಿ ನೋಡಬೇಕು. ಮುನಿಗಳು ಕಮಂಡಲುವನ್ನಿಡುವ ಮೊದಲು ನವಿಲುಗರಿಯ ಪಿಂಛಿಯಿಂದ ನೆಲವನ್ನು ಮೃದುವಾಗಿ ಸವರುವ ಆದಾನನಿಕ್ಷೇಪಣ ಸಮಿತಿ ಗೃಹಸ್ಥನಿಗೆ ಇಲ್ಲಿ ಒದಗುತ್ತದೆ. ಎತ್ತುವಾಗಲೂ ಹಾಗೆಯೇ, ಅಷ್ಟರಲ್ಲಿ ಇರುವೆಯೊಂದು ಅದನ್ನೇರಿರಬಹುದು.