ಮೊಣಕಾಲು ನೋವಿಗೆ ಯಾವ ಇಂಜೆಕ್ಷನ್ ಛಲೋ? ದೊಡ್ಡವ್ವನ ಪ್ರಶ್ನೆಗೆ ಉತ್ತರ

(ಈ ವಾರದ ಸಂಚಿಕೆಯ ಬರಹ ರೂಪ)

ಹೆಡ್‌ಫೋನ್ ಹಾಕ್ಕೊಂಡ್ರಾ? ಇವತ್ತಿನ ವಿಷಯ ನಮ್ಮ ಮನೆಯಿಂದಲೇ ಬಂದದ್ದು.

ಬೆಳಗಾವಿ ಪಕ್ಕದ ಹಿಂಡಲಗಾದಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ. ವಯಸ್ಸು ಅರವತ್ತು ದಾಟಿದೆ, ಶುಗರ್ ಇದೆ, ಮೊಣಕಾಲು ಸವೆದಿದೆ. ಮುಂದಿನ ತಿಂಗಳು ಮಗಳ ಮದುವೆ. ಮೊನ್ನೆ ಫೋನ್ ಮಾಡಿ ಕೇಳಿದ್ಲು: "ತಮ್ಮಾ, ಒಬ್ರು ಜೆಲ್ ಹಾಕಸ ಅಂತಾರ, ಇನ್ನೊಬ್ರು ರಕ್ತದ ಸೂಜಿ ಅಂತಾರ. ಯಾವ್ದು ಛಲೋ ಅಂತ ನಿನ್ನ ಮೊಬೈಲ್‌ನ್ಯಾಗ ನೋಡಿ ಹೇಳಪಾ."

ಇಂಥ ಫೋನ್ ನಿಮಗೂ ಬಂದಿರಬಹುದು. ಹಾಗಾಗಿ ಒಂದೊಂದೇ ನೋಡೋಣ.

ಮೊದಲು, ಊರ ಕ್ಲಿನಿಕ್‌ನಲ್ಲಿ ಸೊಂಟಕ್ಕೆ ಚುಚ್ಚೋ ಸೂಜಿ. ಬಹಳ ಸಲ ಅದು ಡೈಕ್ಲೋಫಿನ್ಯಾಕ್ ಥರದ ನೋವು ನಿವಾರಕ. ಇದು ಕೀಲಿನೊಳಗೆ ಹೋಗೋದಿಲ್ಲ, ರಕ್ತದಲ್ಲಿ ಸೇರಿ ಕೆಲವು ಗಂಟೆ ನೋವು ತಗ್ಗಿಸುತ್ತೆ ಅಷ್ಟೇ. ಪದೇ ಪದೇ ಮಾಡಿಸಿಕೊಂಡರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು. ಶುಗರ್, ಬಿಪಿ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು.

ಎರಡನೆಯದು ಸ್ಟೀರಾಯ್ಡ್. ಇದನ್ನು ಡಾಕ್ಟರ್ ನೇರವಾಗಿ ಕೀಲಿನೊಳಗೆ ಕೊಡ್ತಾರೆ. ಊತ, ಉರಿಯೂತ ಇಳಿದು ಕೆಲವು ವಾರ ಆರಾಮ ಸಿಗುತ್ತೆ. ಖರ್ಚೂ ಉಳಿದ ಎರಡಕ್ಕಿಂತ ಕಡಿಮೆ. ಆದರೆ ಸವೆದ ಕೀಲು ರಿಪೇರಿ ಆಗೋದಿಲ್ಲ. 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 140 ಜನರಿಗೆ ಎರಡು ವರ್ಷ, ಮೂರು ತಿಂಗಳಿಗೊಮ್ಮೆ ಸೂಜಿ ಕೊಟ್ಟರು. ಅರ್ಧ ಜನರಿಗೆ ಸ್ಟೀರಾಯ್ಡ್, ಇನ್ನರ್ಧ ಜನರಿಗೆ ಬರೀ ಸಲೈನ್. ಕೊನೆಗೆ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸ್ಟೀರಾಯ್ಡ್ ಪಡೆದವರ ಮೃದ್ವಸ್ಥಿ ಮಾತ್ರ ಹೆಚ್ಚು ಸವೆದಿತ್ತು. ಅಂದರೆ ಅಪರೂಪಕ್ಕೆ ಸರಿ, ರೂಢಿ ಆಗಬಾರದು. ಇನ್ನೊಂದು ಮಾತು: ಶುಗರ್ ಇದ್ದವರಿಗೆ ಇದರಿಂದ ಕೆಲವು ದಿನ ಶುಗರ್ ಏರುತ್ತೆ.

ಮೂರನೆಯದು ಜೆಲ್, ಅಂದರೆ ಹೈಯಲುರಾನಿಕ್ ಆಮ್ಲ. ನಮ್ಮ ಕೀಲಿನಲ್ಲಿ ಸಹಜವಾಗಿಯೇ ಇರೋ ಜಾರುವ ವಸ್ತು ಇದು. "ಗಾಡಿಗೆ ಗ್ರೀಸ್ ಹಾಕಿದಂಗೆ" ಅಂತ ಹೇಳಿದರೆ ಕೇಳೋಕೆ ಚೆನ್ನಾಗಿರುತ್ತೆ. ಆದರೆ 2022ರಲ್ಲಿ 169 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಸುಳ್ಳು ಸೂಜಿಗೆ ಹೋಲಿಸಿದರೆ ಇದರ ಲಾಭ ರೋಗಿಗೆ ಅನುಭವಕ್ಕೆ ಬರದಷ್ಟು ಚಿಕ್ಕದು ಅಂತ ಕಂಡುಬಂತು.

ನಾಲ್ಕನೆಯದು ಪಿಆರ್‌ಪಿ, ದೊಡ್ಡವ್ವ ಹೇಳಿದ "ರಕ್ತದ ಸೂಜಿ". ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಕೀಲಿಗೆ ಕೊಡೋದು. ಕೆಲವು ಸಣ್ಣ ಅಧ್ಯಯನಗಳು ಲಾಭ ಇದೆ ಅಂದಿವೆ. ಆದರೆ ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷದ ನಂತರ ಪಿಆರ್‌ಪಿಗೂ ಸಲೈನ್‌ಗೂ ನೋವಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸಾಲ ಮಾಡಿ ಹಾಕಿಸೋ ಮುಂಚೆ ಇದು ಗೊತ್ತಿರಲಿ.

ಸಲೈನ್ ಹಾಕಿಸಿಕೊಂಡವರಿಗೂ ನೋವು ಕಡಿಮೆ ಆಗುತ್ತಾ? ಹೌದು, ಎಷ್ಟೋ ಜನರಿಗೆ ಆಗುತ್ತೆ. ದೀರ್ಘಕಾಲದ ನೋವು ಏರುತ್ತೆ, ಇಳಿಯುತ್ತೆ. ಜಾಸ್ತಿ ಇದ್ದಾಗಲೇ ನಾವು ಸೂಜಿಗೆ ಓಡ್ತೀವಿ. ಜೊತೆಗೆ ನಂಬಿಕೆಯೂ ಕೆಲಸ ಮಾಡುತ್ತೆ. ಅದಕ್ಕೇ "ಪಕ್ಕದ ಮನೆಯವರಿಗೆ ಆರಾಮಾತು" ಅನ್ನೋದು ಪುರಾವೆ ಅಲ್ಲ.

ಹಾಗಾದರೆ ಸೂಜಿ ಬಿಟ್ಟು ಏನಿದೆ? 2020ರಲ್ಲಿ ಪ್ರಕಟವಾದ, 156 ಜನರ ಇನ್ನೊಂದು ಅಧ್ಯಯನ ಸ್ಟೀರಾಯ್ಡ್ ಸೂಜಿಯನ್ನೂ ಫಿಸಿಯೋಥೆರಪಿಯನ್ನೂ ಎದುರುಬದುರು ಇಟ್ಟು ನೋಡಿತು. ಒಂದು ವರ್ಷದ ಮೇಲೆ ಮುಂದಿದ್ದದ್ದು ಫಿಸಿಯೋಥೆರಪಿ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮೊಣಕಾಲಿಗೆ ಆಸರೆ. ತೂಕ ಜಾಸ್ತಿ ಇದ್ದರೆ ಇಳಿಸಿದಷ್ಟೂ ಕೀಲಿನ ಮೇಲಿನ ಭಾರ ಕಡಿಮೆ.

ಈಗ ಫೋನ್‌ನಲ್ಲಿ ಬರೆದಿಟ್ಟುಕೊಳ್ಳಿ. ಇಂಜೆಕ್ಷನ್‌ಗೆ ಮುಂಚೆ ಡಾಕ್ಟರಿಗೆ ನಾಲ್ಕು ಪ್ರಶ್ನೆ: ಔಷಧದ ಹೆಸರೇನು? ಆರಾಮ ಎಷ್ಟು ದಿನ ಇರಬಹುದು? ವರ್ಷಕ್ಕೆ ಎಷ್ಟು ಸಲ ಸರಿ? ನನ್ನ ಶುಗರ್, ರಕ್ತ ತೆಳುವಾಗಿಸೋ ಮಾತ್ರೆಗೆ ತೊಂದರೆ ಇದೆಯಾ? ಕೀಲು ಬದಲಿ ಆಪರೇಷನ್ ಯೋಚನೆ ಇದ್ದರೆ ಅದನ್ನೂ ಹೇಳಿ. ಸ್ಟೀರಾಯ್ಡ್ ಆದ ಮೇಲೆ ಸಾಮಾನ್ಯವಾಗಿ ಮೂರು ತಿಂಗಳು ಕಾಯಿಸ್ತಾರೆ, ಸೋಂಕಿನ ಭಯಕ್ಕೆ. ಇಂಜೆಕ್ಷನ್ ಆದ ಮೇಲೆ ಜ್ವರ ಬಂದು ಕೀಲು ಕೆಂಪಾಗಿ ಊದಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ದೊಡ್ಡವ್ವನ ಕಥೆ ಏನಾಯ್ತು? ಮೂಳೆ ಡಾಕ್ಟರಿಗೆ ತೋರಿಸಿದ್ವಿ. ಅವರು ಮೊದಲು ಶುಗರ್ ನೋಡಿದ್ರು, ಹತೋಟಿಗೆ ಬಂದ ಮೇಲೆ ಮದುವೆಗೆ ಹತ್ತು ದಿನ ಮುಂಚೆ ಒಂದೇ ಒಂದು ಸ್ಟೀರಾಯ್ಡ್ ಕೊಡೋಣ ಅಂದ್ರು. ಇವತ್ತಿನಿಂದಲೇ ದಿನಾ ತೊಡೆಯ ವ್ಯಾಯಾಮ. ಜೆಲ್‌ಗೆ ಅಂತ ಎತ್ತಿಟ್ಟಿದ್ದ ರೊಕ್ಕ? "ಅದರಾಗ ಮಗಳಿಗಿ ಸೀರಿ ತಗೋತೀನಿ" ಅಂದಳು.

ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಇದ್ದರೆ ಸಂಚಿಕೆಯನ್ನ ಫ್ಯಾಮಿಲಿ ಗ್ರೂಪ್‌ಗೆ ಕಳಿಸಿ. ಆದರೆ ನಿರ್ಧಾರ ಮಾತ್ರ ಕಾಲು ಮುಟ್ಟಿ ನೋಡಿದ ಡಾಕ್ಟರ್ ಜೊತೆ ಕೂತು ಮಾಡಿ. ಮುಂದಿನ ವಾರ ಮತ್ತೆ ಸಿಗೋಣ.