ಗಾಯಗೊಂಡ ಯೋಧನ ಮನೆಗೆ ಶಾಲು-ಹಾರ ಸಾಲದು: ನೆರವಾಗುವವರು ಮಾಡಬಹುದಾದ ಕೆಲಸ ಏನೇನು?

ಚಿಕ್ಕೋಡಿ: ಜನವರಿ 26, ಆಗಸ್ಟ್ 15, ಜುಲೈ 26ರ ಕಾರ್ಗಿಲ್ ವಿಜಯ ದಿವಸ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಮಾಜಿ ಸೈನಿಕರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಹಾರ ಹಾಕ್ತಾರೆ. ಅದು ಬೇಕು, ತಪ್ಪಲ್ಲ. ಆದರೆ ಕಾಲು ಕಳಕೊಂಡವರು, ಬೆನ್ನುಹುರಿಗೆ ಪೆಟ್ಟು ಬಿದ್ದು ಹಾಸಿಗೆ ಹಿಡಿದವರು ವೇದಿಕೆ ತನಕ ಬರೋದೇ ಕಷ್ಟ. ಅವರ ಮನೆಗೆ ಬೇಕಾಗಿರೋದು ಫಾರ್ಮ್ ತುಂಬಲಿಕ್ಕೆ ಒಬ್ಬ, ಕಚೇರಿಗೆ ಜೊತೆಗೆ ಹೋಗಲಿಕ್ಕೆ ಒಬ್ಬ.

ದೂರವೇ ಮೊದಲ ತೊಂದರೆ

ಮಾಜಿ ಸೈನಿಕರಿಗೆ ಸಂಬಂಧಿಸಿದ ಕಚೇರಿಗಳು ಹೆಚ್ಚಾಗಿ ಬೆಳಗಾವಿಯಲ್ಲೇ ಇವೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿ, ಮರಾಠಾ ಲಘು ಪದಾತಿ ದಳದ ರೆಜಿಮೆಂಟ್ ಕೇಂದ್ರ ಮತ್ತು ದಾಖಲೆ ಕಚೇರಿ, ಮಿಲಿಟರಿ ಆಸ್ಪತ್ರೆ, ಇಸಿಎಚ್‌ಎಸ್ ಪಾಲಿಕ್ಲಿನಿಕ್ ಎಲ್ಲವೂ ಅಲ್ಲೇ. ಅಥಣಿ, ಕಾಗವಾಡದಿಂದ ಬೆಳಗಾವಿ 100 ಕಿ.ಮೀ.ಗಿಂತ ದೂರ. ಒಂದು ಝೆರಾಕ್ಸ್ ಮರೆತರೂ ಮತ್ತೊಂದು ದಿನ ಹೊಳ್ಳಿ ಹೋಗಬೇಕು. ಊರುಗೋಲು ಹಿಡಿದು ಬಸ್ ಹತ್ತುವವನಿಗೆ ಅದು ಎರಡು ದಿನದ ನೋವು.

ಆದ್ದರಿಂದ ನೆರವಾಗುವವರ ಮೊದಲ ಕೆಲಸ, ಹೊರಡುವ ಮೊದಲೇ ಫೋನ್ ಮಾಡಿ ಯಾವ ಕಾಗದ ಬೇಕು ಅಂತ ಕೇಳೋದು. ಡಿಸ್ಚಾರ್ಜ್ ಬುಕ್, ಪಿಪಿಒ, ಆಧಾರ್, ಪಾಸ್‌ಬುಕ್, ಮಾಜಿ ಸೈನಿಕರ ಗುರುತಿನ ಚೀಟಿ, ಹೆಂಡತಿ-ಮಕ್ಕಳ ಆಧಾರ್, ಇಷ್ಟನ್ನು ಒಂದೇ ಫೈಲಿನಲ್ಲಿ ಜೋಡಿಸಿಟ್ಟರೆ ಅರ್ಧ ಕೆಲಸ ಮುಗೀತು.

ಹೆಸರಿನ ಗೋಳು

ಗಡಿ ಭಾಗದಲ್ಲಿ ಇದು ಬಹಳ. ಸೇನೆಯ ದಾಖಲೆಯಲ್ಲಿ ಹೆಸರು ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ, ಶಾಲೆ ದಾಖಲೆಯಲ್ಲಿ ಮತ್ತೊಂದು ರೀತಿ ಇರುತ್ತದೆ. ಹೆಂಡತಿಯ ಹೆಸರಿಗೆ ತವರಿನ ಅಡ್ಡಹೆಸರೇ ಉಳಿದಿರುತ್ತದೆ. ಯೋಧ ಬದುಕಿರುವಾಗ ಇದು ಯಾರ ಕಣ್ಣಿಗೂ ಬೀಳೋದಿಲ್ಲ. ಅವರು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದಾಗ ಗೊತ್ತಾಗುತ್ತದೆ, ಅಷ್ಟರಲ್ಲಿ ಮನೆಗೆ ಬರುವ ರೊಕ್ಕ ನಿಂತಿರುತ್ತದೆ. ಪಿಪಿಒದಲ್ಲಿ ಹೆಂಡತಿಯ ಹೆಸರು, ಹುಟ್ಟಿದ ದಿನಾಂಕ ಸರಿ ಇದೆಯಾ ಅಂತ ಈಗಲೇ ನೋಡಿ, ತಪ್ಪಿದ್ದರೆ ದಾಖಲೆ ಕಚೇರಿಗೆ ಅರ್ಜಿ ಕಳಿಸಬೇಕು.

ಶೇಕಡಾ 30 ಎಂದರೆ 50

ಸೇವೆಯಿಂದಾದ ಅಂಗವೈಕಲ್ಯಕ್ಕೆ ಪಿಂಚಣಿಯಲ್ಲಿ ಬೇರೆಯೇ ಒಂದು ಭಾಗ ಇರುತ್ತದೆ. ಯುದ್ಧ ಅಥವಾ ಕಾರ್ಯಾಚರಣೆಯಲ್ಲಿ ಗಾಯವಾದರೆ ಯುದ್ಧ ಗಾಯ ಪಿಂಚಣಿ, ಅದರ ದರ ಹೆಚ್ಚು. ವೈದ್ಯಕೀಯ ಮಂಡಳಿ ಎಷ್ಟು ಶೇಕಡಾ ಬರೆದಿದೆ ಅನ್ನೋದರ ಮೇಲೆ ಮೊತ್ತ ನಿಂತಿದೆ.

ಇಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಒಂದು ನಿಯಮ ಇದೆ. ಗಾಯ, ಕಾಯಿಲೆಯ ಕಾರಣಕ್ಕೆ ಸೇನೆಯಿಂದ ಹೊರಬಂದವರ ಅಂಗವೈಕಲ್ಯ ಶೇ. 50ಕ್ಕಿಂತ ಕಡಿಮೆ ಇದ್ದರೆ 50 ಅಂತ, 50ರಿಂದ 75ರೊಳಗಿದ್ದರೆ 75 ಅಂತ, ಅದಕ್ಕಿಂತ ಹೆಚ್ಚಿದ್ದರೆ 100 ಅಂತ ಲೆಕ್ಕ ಹಿಡಿಯುತ್ತಾರೆ. 1996ರಿಂದ ಇದು ಜಾರಿಯಲ್ಲಿದೆ. ಅವಧಿ ಮುಗಿಸಿ ನಿವೃತ್ತರಾದ ಅಂಗವಿಕಲ ಸೈನಿಕರಿಗೂ ಇದು ಸಿಗಬೇಕು ಅನ್ನೋದನ್ನ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಆದರೆ ತಾನಾಗೇ ಬರುತ್ತೆ ಅಂತ ಕೂತರೆ ಆಗಂಗಿಲ್ಲ, ಹಳೆಯ ಪಿಪಿಒ ತೆಗೆದು ನೋಡಿ, ಅರ್ಜಿ ಹಾಕಿ ಕೇಳಬೇಕು.

ಅಗ್ನಿವೀರರಿಗೆ ಪಿಂಚಣಿ ಇಲ್ಲ. ಸೇವೆಯ ಕಾರಣದಿಂದ ಅಂಗವೈಕಲ್ಯವಾದರೆ ಶೇ. 100, 75, 50ಕ್ಕೆ ತಕ್ಕಂತೆ 44, 25, 15 ಲಕ್ಷ ರೂ. ಒಂದೇ ಸಲದ ಪರಿಹಾರ. ಇನ್ನು ಬಿಎಸ್‌ಎಫ್, ಸಿಆರ್‌ಪಿಎಫ್‌ನವರು ಗೃಹ ಸಚಿವಾಲಯದ ಅಡಿ ಬರುತ್ತಾರೆ. ಅವರಿಗೆ ಸೈನಿಕ ಕಲ್ಯಾಣ ಕಚೇರಿ, ಇಸಿಎಚ್‌ಎಸ್ ಅನ್ವಯಿಸೋದಿಲ್ಲ, ಅವರದ್ದೇ ಕಲ್ಯಾಣ ಮತ್ತು ಪುನರ್ವಸತಿ ಮಂಡಳಿ ಇದೆ. ಯಾವ ಪಡೆ ಅಂತ ಮೊದಲೇ ಕೇಳಿಕೊಂಡರೆ ತಪ್ಪು ಬಾಗಿಲು ತಟ್ಟೋದು ತಪ್ಪುತ್ತದೆ.

ಮನೆಯಲ್ಲೇ ಜೀವನ ಪ್ರಮಾಣ

ಪಿಂಚಣಿದಾರರು ವರ್ಷಕ್ಕೊಮ್ಮೆ, ಹೆಚ್ಚಿನವರು ನವೆಂಬರ್‌ನಲ್ಲಿ, ತಾವು ಬದುಕಿದ್ದೇವೆ ಅಂತ ದೃಢೀಕರಿಸಬೇಕು. ತಪ್ಪಿದರೆ ಪಿಂಚಣಿ ನಿಲ್ಲುತ್ತದೆ. ಸೇನಾ ಪಿಂಚಣಿ ಈಗ ‘ಸ್ಪರ್ಶ್’ ವ್ಯವಸ್ಥೆಯಿಂದ ಬರುತ್ತದೆ. ತಂಬಾಕು, ಕಬ್ಬಿನ ಕೆಲಸದಲ್ಲಿ ಬೆರಳು ಸವೆದವರಿಗೆ, ಕೈ ಕಳಕೊಂಡವರಿಗೆ ಹೆಬ್ಬೆಟ್ಟಿನ ಯಂತ್ರ ಕೈಕೊಡುತ್ತದೆ. ಅಂಥವರಿಗೆ 2021ರಿಂದ ಮುಖ ತೋರಿಸಿ ದೃಢೀಕರಿಸುವ ಸೌಲಭ್ಯ ಇದೆ. ಒಂದು ಆಂಡ್ರಾಯ್ಡ್ ಫೋನ್, ಜೀವನ್ ಪ್ರಮಾಣ್ ಆ್ಯಪ್, ಆಧಾರ್ ಫೇಸ್ ಆರ್‌ಡಿ ಆ್ಯಪ್ ಇದ್ದರೆ ಹಾಸಿಗೆಯಲ್ಲಿದ್ದವರ ಕೆಲಸವೂ ಮನೆಯಲ್ಲೇ ಮುಗಿಯುತ್ತದೆ. ಪಿಂಚಣಿ ಕೊಡುವ ಸಂಸ್ಥೆ ಅನ್ನೋ ಕಡೆ ‘ಸ್ಪರ್ಶ್’ ಆರಿಸಬೇಕು. ಅಲ್ಲಿ ಹಳೆಯ ಬ್ಯಾಂಕ್ ಹೆಸರು ಒತ್ತಿದರೆ ಪ್ರಮಾಣಪತ್ರ ಸಿಕ್ಕರೂ ಉಪಯೋಗ ಇಲ್ಲ. ಫೋನ್ ಬಳಸಲು ಬರುವ ಒಬ್ಬ ಕಾಲೇಜು ಹುಡುಗ ಅಥವಾ ಹುಡುಗಿ ಇಡೀ ಊರಿನದ್ದು ಮಾಡಿ ಕೊಡಬಹುದು.

ಆಸ್ಪತ್ರೆ ಮತ್ತು 48 ಗಂಟೆ

ಇಸಿಎಚ್‌ಎಸ್ ಕಾರ್ಡ್ ಇದ್ದವರಿಗೆ ಕೊಲ್ಹಾಪುರದಲ್ಲೂ ಪಾಲಿಕ್ಲಿನಿಕ್ ಇದೆ, ನಿಪ್ಪಾಣಿಯವರಿಗೆ ಅದೇ ಹತ್ತಿರ. ತುರ್ತು ಇದ್ದಾಗ ಯೋಜನೆಯ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೂ ಸೇರಿಸಬಹುದು, ಆದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಮನೆಯವರು ಗಾಬರಿಯಲ್ಲಿ ಇದನ್ನೇ ಮರೀತಾರೆ, ಆಮೇಲೆ ಬಿಲ್ಲಿನ ರೊಕ್ಕ ವಾಪಸ್ ಪಡೆಯಲು ಅಡ್ಡಾಡಬೇಕಾಗುತ್ತದೆ. ಆ ಒಂದು ಸುದ್ದಿ ಮುಟ್ಟಿಸೋದು ಓಣಿಯ ಮಂದಿ ಮಾಡಬಹುದಾದ ಕೆಲಸ.

ಕೃತಕ ಕಾಲಿಗೆ ಪುಣೆಯ ಕೃತಕ ಅಂಗ ಕೇಂದ್ರ 1944ರಿಂದ ಇದೆ. ಸೊಂಟದ ಕೆಳಗೆ ಸ್ವಾಧೀನ ಇಲ್ಲದವರಿಗೆ ಪುಣೆಯ ಖಡಕಿಯಲ್ಲಿ ಪುನರ್ವಸತಿ ಕೇಂದ್ರ ಇದೆ.

ಹೆಚ್ಚಾದ ಸಹಾಯಧನ

ಹವಾಲ್ದಾರ್ ದರ್ಜೆಯವರೆಗಿನ ಮಾಜಿ ಸೈನಿಕರಿಗೆ, ಅವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿ ಮೂಲಕ ಸಿಗುವ ನೆರವು 2025ರ ನವೆಂಬರ್ 1ರಿಂದ ಸಲ್ಲಿಸಿದ ಅರ್ಜಿಗಳಿಗೆ ದುಪ್ಪಟ್ಟಾಗಿದೆ. ಪಿಂಚಣಿ ಇಲ್ಲದ, 65 ದಾಟಿದ ಬಡವರಿಗೆ ತಿಂಗಳಿಗೆ 8,000 ರೂ. ಇಬ್ಬರು ಮಕ್ಕಳ ತನಕ ಓದಿಗೆ ತಲಾ ತಿಂಗಳಿಗೆ 2,000 ರೂ. ಇಬ್ಬರು ಹೆಣ್ಣುಮಕ್ಕಳ ತನಕ ಮದುವೆಗೆ ತಲಾ 1 ಲಕ್ಷ ರೂ. ಅರ್ಜಿ ಆನ್‌ಲೈನ್, ಪರಿಶೀಲನೆ ಜಿಲ್ಲಾ ಕಚೇರಿಯದು.

ಅಂಗಡಿಯವರು ಏನು ಮಾಡಬಹುದು?

1949ರಿಂದ ಪ್ರತಿ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ. ಈ ನಿಧಿಯ ರೊಕ್ಕ ಗಾಯಾಳುಗಳ ಪುನರ್ವಸತಿಗೂ ಹೋಗುತ್ತದೆ. ಕೊಟ್ಟರೆ ರಶೀದಿ ಕೇಳಿ ಪಡೆಯಿರಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ 80ಜಿ ವಿನಾಯಿತಿ ಇದೆ.

ರೊಕ್ಕಕ್ಕಿಂತ ಹೆಚ್ಚಿನ ಕೆಲಸವೂ ಇದೆ. ಅಂಗಡಿ ಮೆಟ್ಟಿಲ ಪಕ್ಕ ಗಾಲಿಕುರ್ಚಿ ಹತ್ತುವಂತೆ ಇಳಿಜಾರು ಕಟ್ಟಿಸಬಹುದು. ಔಷಧ ಅಂಗಡಿಯವರು ಮನೆಗೆ ಮಾತ್ರೆ ತಲುಪಿಸಬಹುದು. ಗಲ್ಲೆ ಮೇಲೆ ಕೂತು ಮಾಡುವ ಕೆಲಸಕ್ಕೆ ಅಂಥವರನ್ನೇ ಪಗಾರ ಕೊಟ್ಟು ಇಟ್ಟುಕೊಳ್ಳಬಹುದು.

ಮಾಡಬಾರದ್ದು

ಒಟಿಪಿ ಕೇಳಬೇಡಿ, ಎಟಿಎಂ ಕಾರ್ಡ್ ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ. ಬಾಕಿ ಬಂದ ಪಿಂಚಣಿಯಲ್ಲಿ ಪಾಲು ಕೇಳುವ ಏಜೆಂಟರಿಂದ ದೂರ ಇಡಿ. ‘ಜೀವನ ಪ್ರಮಾಣ ಮಾಡಿಕೊಡ್ತೀವಿ’ ಅಂತ ಫೋನ್ ಬಂದರೆ ಅದು ಬಹುತೇಕ ಮೋಸ. ಗಾಯದ ಫೋಟೊ ತೆಗೆದು ಸ್ಟೇಟಸ್ ಹಾಕಬೇಡಿ.

ವ್ಯಾಜ್ಯ ಇದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ಮಹಿಳೆಯರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. 2025ರ ಜುಲೈ 26ರಂದು ಶುರುವಾದ ವೀರ ಪರಿವಾರ ಸಹಾಯತಾ ಯೋಜನೆಯಡಿ ಸೈನಿಕ ಕಲ್ಯಾಣ ಕಚೇರಿಗಳಲ್ಲೇ ಕಾನೂನು ನೆರವು ಕೇಂದ್ರ ತೆರೆಯಲಾಗುತ್ತಿದೆ.

ಶುರು ಮಾಡಲು ಸಂಘ, ಬ್ಯಾನರ್ ಏನೂ ಬೇಡ. ನಿಮ್ಮ ಊರಲ್ಲಿ ಗಾಯಗೊಂಡು ಬಂದ ಸೈನಿಕರ, ವೀರನಾರಿಯರ ಮನೆ ಎಷ್ಟಿವೆ ಅಂತ ಊರಿನ ಹಿರಿಯ ಮಾಜಿ ಸೈನಿಕರನ್ನು ಕೇಳಿ. ಒಂದು ಮನೆಗೆ ಒಬ್ಬರು ಅಂತ ಹಂಚಿಕೊಳ್ಳಿ. ಹೋಗಿ, ‘ಏನಾದರೂ ಕಾಗದಪತ್ರ ಬಾಕಿ ಐತೇನ್ರಿ?’ ಅಂತ ಕೇಳಿದರೆ ಸಾಕು, ಕೆಲಸ ಅವರೇ ಹೇಳ್ತಾರೆ.