ಹೆಡರಿಗೊಂದು ಹೊದಿಕೆ

ಮಳೆಗಾಲ ಮುಗಿಯುತ್ತಿದ್ದ ಹೊತ್ತು. ಸಕಲೇಶಪುರದ ಕಡೆಯ ಒಂದು ಗ್ಯಾರೇಜಿನಲ್ಲಿ ಹಳೆಯ ಜಿಪ್ಸಿಯೊಂದರ ಬಾನೆಟ್ ಎತ್ತಿಟ್ಟಿದ್ದರು. ಎಂಜಿನ್ನಿನ ಮಗ್ಗುಲಿನ ನಾಲ್ಕು ಕೊಳವೆಗಳಿಗೂ ಮುರಿದ ಕೈಗೆ ಕಟ್ಟು ಹಾಕಿದಂತೆ ಪಟ್ಟಿ ಸುತ್ತಿತ್ತು. ಮೇಸ್ತ್ರಿ ಸ್ಟೀಲ್ ಟೈಗಳನ್ನು ಕತ್ತರಿಸಿ ಪಟ್ಟಿ ಬಿಚ್ಚತೊಡಗಿದರು. ಎರಡು ಸುತ್ತು ಬಿಚ್ಚುವಷ್ಟರಲ್ಲೇ ಕಪ್ಪು ಹಕ್ಕಳೆ ಪದರ ಪದರವಾಗಿ ಉದುರಿತು. ಪೂರ್ತಿ ಬಿಚ್ಚಿದಾಗ ನೋಡಿದರೆ ಮೂರನೆಯ ಕೊಳವೆಯ ಬಾಗಿನಲ್ಲಿ ಕಿರುಬೆರಳು ತೂರುವಷ್ಟು ತೂತು.

‘ಒದ್ದೆ ಬಟ್ಟೆ ಉಡಿಸಿ ಒಲೆ ಮುಂದೆ ಕೂರಿಸಿದ ಹಾಗೆ ಸಾರ್ ಇದು. ಕಬ್ಬಿಣ ಉಳಿಯೋದು ಹೇಗೆ?’ ಎಂದರು.

ಎಂಜಿನ್ನಿನ ಹೊಗೆಯನ್ನು ಹೊರಕ್ಕೊಯ್ಯುವ ಆ ಕೊಳವೆಗಳ ಗುಂಪಿಗೆ ಹೆಡರ್ ಎಂದು ಹೆಸರು. ಕಂಪನಿಯಿಂದ ಬಂದಂತೆಯೇ ಇರುವ ಹಳೆಯ ಗಾಡಿಗಳಲ್ಲಿ ಆ ಜಾಗದಲ್ಲಿ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಇರುತ್ತದೆ. ಅದು ದಪ್ಪ, ಭಾರ. ಮೇಲೆ ತುಕ್ಕು ಹಿಡಿದರೂ ವರ್ಷಗಟ್ಟಲೆ ಬಾಳುತ್ತದೆ. ರ‍್ಯಾಲಿಯ ಹುಚ್ಚಿನವರು ಅದನ್ನು ತೆಗೆದು ಹೆಡರ್ ಹಾಕಿಸುತ್ತಾರೆ. ಒಂದೊಂದು ಸಿಲಿಂಡರಿಗೂ ಒಂದೊಂದು ಕೊಳವೆ, ಎಲ್ಲವೂ ಹೆಚ್ಚು ಕಡಿಮೆ ಒಂದೇ ಉದ್ದ. ನಾಲ್ಕು ಸಿಲಿಂಡರಿನ ಎಂಜಿನ್ನುಗಳು ಸಾಮಾನ್ಯವಾಗಿ 1-3-4-2 ಕ್ರಮದಲ್ಲಿ ಉರಿಯುತ್ತವೆ. ಆದ್ದರಿಂದ ಒಂದನ್ನೂ ನಾಲ್ಕನ್ನೂ ಜೋಡಿಸಿ, ಎರಡನ್ನೂ ಮೂರನ್ನೂ ಜೋಡಿಸಿ, ಆ ಎರಡು ಜೋಡಿಗಳನ್ನು ಮುಂದೆ ಒಂದಾಗಿಸುತ್ತಾರೆ. ಒಂದರ ಹೊಗೆ ಇನ್ನೊಂದರ ದಾರಿಗೆ ಅಡ್ಡ ಬರುವುದಿಲ್ಲ. ಎಂಜಿನ್ ಸಲೀಸಾಗಿ ಉಸಿರು ಬಿಡುತ್ತದೆ. ಈ ಅನುಕೂಲಕ್ಕೆ ತೆರುವ ಬೆಲೆ ಎಂದರೆ ಕೊಳವೆಯ ದಪ್ಪ. ಅದರ ಗೋಡೆ ಹೆಚ್ಚೆಂದರೆ ಒಂದೂವರೆ, ಎರಡು ಮಿಲಿಮೀಟರ್. ಮ್ಯಾನಿಫೋಲ್ಡ್ ತಡೆದುಕೊಳ್ಳುವ ತುಕ್ಕಿಗೆ ಇದು ತೂತು ಬೀಳುತ್ತದೆ.

ಪೆಟ್ರೋಲ್ ಎಂಜಿನ್ ಘಾಟಿ ಏರುವಾಗ ಹೊರಬರುವ ಹೊಗೆಯ ಶಾಖ 700ರಿಂದ 900 ಡಿಗ್ರಿ ಸೆಲ್ಸಿಯಸ್ ತನಕ ಹೋಗುತ್ತದೆ. ರಾತ್ರಿ ಹೊತ್ತು ಎಂಜಿನ್ನನ್ನು ಚೆನ್ನಾಗಿ ದುಡಿಸಿ ಬಾನೆಟ್ ಎತ್ತಿದರೆ ಕೆಲವೊಮ್ಮೆ ಹೆಡರಿನ ಬುಡ ಮಂಕು ಕೆಂಡದ ಬಣ್ಣಕ್ಕೆ ತಿರುಗಿರುವುದು ಕಾಣುತ್ತದೆ. ಅಷ್ಟು ಕಾದ ಕಬ್ಬಿಣ ಗಾಳಿಯ ಆಮ್ಲಜನಕವನ್ನು ಗಬಗಬನೆ ಎಳೆದುಕೊಳ್ಳುತ್ತದೆ. ಕಮ್ಮಾರನ ಬಡಿಗಲ್ಲಿನ ಸುತ್ತ ಉದುರಿ ಬೀಳುವ ಕಿಟ್ಟವೇ ಇಲ್ಲಿಯೂ ಹುಟ್ಟುವುದು. 570 ಡಿಗ್ರಿ ದಾಟಿದ ಮೇಲೆ ವುಸ್ಟೈಟ್ ಎಂಬ ಬೇರೊಂದು ಬಗೆಯ ಆಕ್ಸೈಡ್ ಶುರುವಾಗುತ್ತದೆ. ಅದರ ಮೂಲಕ ಕಬ್ಬಿಣದ ಕಣಗಳು ಸುಲಭವಾಗಿ ಹೊರಕ್ಕೆ ಸರಿಯುವುದರಿಂದ ಕಿಟ್ಟ ಬಲುಬೇಗ ದಪ್ಪವಾಗುತ್ತದೆ. ಗಾಡಿ ತಣ್ಣಗಾದಾಗ ಕಬ್ಬಿಣ ಕುಗ್ಗಿದಷ್ಟು ಕಿಟ್ಟ ಕುಗ್ಗುವುದಿಲ್ಲ, ಸಿಡಿದು ಉದುರುತ್ತದೆ. ಮಾರನೆಯ ದಿನ ಹೊಸ ಕಬ್ಬಿಣ ಬೆಂಕಿಗೆ ಮೈಯೊಡ್ಡುತ್ತದೆ.

ಇದು ಹೊರಗಿನ ಕತೆ. ಒಳಗೆ ಸಾಯಿಸುವುದು ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ ಎಂದರೆ ಅನೇಕರು ನಂಬುವುದಿಲ್ಲ. ಚಳಿಗಾಲದ ಬೆಳಗ್ಗೆ ಸೈಲೆನ್ಸರಿನ ಬಾಯಿಂದ ತೊಟ್ಟಿಕ್ಕುವುದು ಅದೇ ನೀರು. ಗಾಡಿ ದೂರ ಓಡಿದರೆ ಕೊಳವೆ ಕಾದು ಅದೆಲ್ಲ ಆವಿಯಾಗಿ ಹೊರಗೆ ಹೋಗುತ್ತದೆ. ಪೇಟೆಗೆ ಹೋಗಿ ಹಾಲು ತಂದು ನಿಲ್ಲಿಸಿದರೆ ನೀರು ಒಳಗೇ ಉಳಿದು ರಾತ್ರಿಯೆಲ್ಲ ಕಬ್ಬಿಣವನ್ನು ತಿನ್ನುತ್ತದೆ. ಪೆಟ್ರೋಲಿನ ಗಂಧಕದಿಂದ ಈ ನೀರು ಹುಳಿಯೂ ಆಗುತ್ತದೆ. 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್-6 ಇಂಧನದಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿದಿರುವುದು ಕೊಳವೆಗಳ ಮಟ್ಟಿಗೂ ಒಳ್ಳೆಯ ಸುದ್ದಿ. ಮಂಗಳೂರು, ಉಡುಪಿಯ ಕಡೆಯವರಿಗೆ ಉಪ್ಪುಗಾಳಿಯ ಕಾಟ ಬೇರೆ.

ಹಾಗಾದರೆ ಕಾಪಾಡುವುದು ಹೇಗೆ? ಕೈಗೆಟಕುವ ಉಪಾಯ ಶಾಖ ತಡೆಯುವ ಬಣ್ಣ. ಮನೆಗೆ ಹೊಡೆಯುವ ಎಣ್ಣೆಬಣ್ಣ ಇಲ್ಲಿ ಮೊದಲ ಘಾಟಿಗೇ ಕರಕಲಾಗುತ್ತದೆ. ಸಿಲಿಕೋನ್ ರಾಳದ ಬಣ್ಣ ಹಾಗಲ್ಲ. ಶಾಖಕ್ಕೆ ಅದರೊಳಗಿನ ಇಂಗಾಲದ ಭಾಗ ಸುಟ್ಟುಹೋದರೂ ಸಿಲಿಕಾನ್-ಆಮ್ಲಜನಕದ ಹಂದರ ಉಳಿದು, ಬಣ್ಣದಲ್ಲಿ ಬೆರೆತಿರುವ ಅಲ್ಯೂಮಿನಿಯಂ ಪುಡಿಯನ್ನು ಲೋಹಕ್ಕೆ ಕಚ್ಚಿ ಹಿಡಿಯುತ್ತದೆ.

ಜಿಪ್ಸಿಗೆ ಹೊಸ ಹೆಡರ್ ಬಂದ ದಿನ ನಾನು ಮತ್ತೆ ಹೋದೆ. ಬಣ್ಣ ಹೊಡೆದದ್ದು ಕಾಲು ಗಂಟೆ. ಅದಕ್ಕೆ ಮುಂಚಿನ ತಯಾರಿಗೆ ಹಿಡಿದದ್ದು ಅರ್ಧ ದಿನ. ಪೈಪಿನ ಮೇಲೆ ಅಂಗಡಿಯಲ್ಲಿ ಸವರಿದ್ದ ಎಣ್ಣೆಯನ್ನು ಮೇಸ್ತ್ರಿ ಥಿನ್ನರಿನಲ್ಲಿ ತೊಳೆದರು. ಎಮರಿ ಪೇಪರಿನಲ್ಲಿ ಉಜ್ಜಿ ಹೊಳಪು ತೆಗೆದರು, ಏಕೆಂದರೆ ನುಣುಪಾದ ಮೈಗೆ ಬಣ್ಣ ಕಚ್ಚುವುದಿಲ್ಲ. ವೆಲ್ಡಿಂಗಿನ ಮಸಿ ಕೂತ ಸಂದುಗಳಿಗೆ ವೈರ್ ಬ್ರಷ್ ಹಾಕಿದರು. ಮತ್ತೆ ತೊಳೆದರು. ಆಮೇಲೆ ಹುಡುಗನಿಗೆ ಬರಿಗೈಯಲ್ಲಿ ಮುಟ್ಟಲು ಬಿಡಲಿಲ್ಲ: ಬೆರಳಿನ ಜಿಡ್ಡು ಉಳಿದ ಕಡೆ ಬಣ್ಣ ಏಳುತ್ತದೆ. ರೆಡ್ ಆಕ್ಸೈಡ್ ಪ್ರೈಮರ್ ಬೇಡವೇ ಎಂದು ಕೇಳಿದೆ. ಅದು ಬಿಸಿಗೆ ಸುಟ್ಟು, ಮೇಲಿನ ಬಣ್ಣವನ್ನೂ ಹೊತ್ತುಕೊಂಡು ಏಳುತ್ತದಂತೆ. ತಂತಿಗೆ ನೇತುಹಾಕಿ, ಮೊದಲು ಬಾಗುಗಳ ಒಳಮೈಗೆ, ಕೊಳವೆಗಳು ಕೂಡುವ ಸಂದಿಗೆ ಹೊಡೆದು, ಆಮೇಲೆ ಉಳಿದ ಕಡೆಗೆ ತೆಳ್ಳಗೆ ಮೂರು ಕೈ ಎಳೆದರು. ಜನ ಅವಸರದಲ್ಲಿ ಬಿಟ್ಟುಬಿಡುವುದು ಆ ಒಳಮೈಯನ್ನೇ. ತೂತು ಬಿದ್ದಿದ್ದೂ ಅಲ್ಲೇ.

ಈ ಬಣ್ಣ ಒಣಗಿದರೆ ಸಾಲದು, ಬೇಯಬೇಕು. 120 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಅಷ್ಟೇ ಹೊತ್ತು ಆರಲು ಬಿಟ್ಟು, ಆಮೇಲೆ 200, ಕೊನೆಗೆ 315 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು ವಾಡಿಕೆ. ಓವನ್ ಇಲ್ಲದವರು ಗಾಡಿಗೇ ಕೂರಿಸಿ, ಎಂಜಿನ್ ಸ್ವಲ್ಪ ಓಡಿಸಿ, ತಣಿಸಿ, ಮತ್ತೆ ಓಡಿಸಿ ಬೇಯಿಸುತ್ತಾರೆ. ಈ ತಾಳ್ಮೆ ಇಲ್ಲದೆ ಮೊದಲ ದಿನವೇ ಘಾಟಿ ಹತ್ತಿಸಿದವರ ಬಣ್ಣ ಗುಳ್ಳೆಯೆದ್ದು ಹೋಗುತ್ತದೆ.

ಬಣ್ಣಕ್ಕಿಂತ ಗಟ್ಟಿ ಉಪಾಯಗಳೂ ಇವೆ. ಜಾಗ್ವಾರ್ ಕಂಪನಿಯವರು 1948ರಲ್ಲಿ ಬಂದ ತಮ್ಮ ಎಕ್ಸ್‌ಕೆ ಎಂಜಿನ್ನಿನ ಎರಕದ ಮ್ಯಾನಿಫೋಲ್ಡುಗಳಿಗೆ ಎನಾಮಲ್ ಲೇಪಿಸುತ್ತಿದ್ದರು. ನಮ್ಮ ಅಜ್ಜಿಯರ ಕಾಲದ ಎನಾಮಲ್ ಬೇಸಿನ್ನುಗಳಿಗೆ ಇರುತ್ತಿತ್ತಲ್ಲ, ಅದೇ ಗಾಜಿನ ಲೇಪ. ಕುಲುಮೆಯಲ್ಲಿ ಸುಮಾರು 800 ಡಿಗ್ರಿಗೆ ಕಾಯಿಸಿದಾಗ ಗಾಜಿನ ಪುಡಿ ಕರಗಿ ಕಬ್ಬಿಣಕ್ಕೆ ಬೆಸೆದುಕೊಳ್ಳುತ್ತದೆ. ಅಂದ ಬಹಳ; ಆದರೆ ಬೇಸಿನ್ನಿನಂತೆಯೇ ಪೆಟ್ಟು ಬಿದ್ದಲ್ಲಿ ಚಕ್ಕೆ ಏಳುತ್ತದೆ.

ಸೆರಾಮಿಕ್ ಲೇಪದ ಬೇರು ಇನ್ನೂ ದೂರದ್ದು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಕ್ಸ್-15 ರಾಕೆಟ್ ವಿಮಾನದ ಎಂಜಿನ್ ನಳಿಕೆಗೆ ಝಿರ್ಕೋನಿಯಾ ಎಂಬ ಸೆರಾಮಿಕ್ಕಿನ ಲೇಪ ಕೊಟ್ಟಿದ್ದರು. ಆ ಕುಲದ ಲೇಪಗಳು ಜೆಟ್ ಎಂಜಿನ್ನುಗಳಿಗೆ ಬಂದವು, ಅಲ್ಲಿಂದ ರೇಸ್ ಕಾರುಗಳಿಗೂ ಇಳಿದವು. ಝಿರ್ಕೋನಿಯಾ ಶಾಖವನ್ನು ದಾಟಿಸುವುದು ಉಕ್ಕಿನ ಇಪ್ಪತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಪುಡಿಯನ್ನು ಪ್ಲಾಸ್ಮಾ ಜ್ವಾಲೆಯಲ್ಲಿ ಕರಗಿಸಿ ಎರಚುವ ಥರ್ಮಲ್ ಸ್ಪ್ರೇ ಕೆಲಸ ಬೆಂಗಳೂರಿನ ಪೀಣ್ಯದಲ್ಲೂ ನಡೆಯುತ್ತದೆ. ಹೆಡರುಗಳಿಗೆ ಹೆಚ್ಚಾಗಿ ಕೊಡುವುದು ಸೆರಾಮಿಕ್ ಮತ್ತು ಅಲ್ಯೂಮಿನಿಯಂ ಬೆರೆತ ತೆಳು ಲೇಪ. ಒಳಗೂ ಹೊರಗೂ ಕೊಡಿಸಬಹುದು ಎಂಬುದೇ ಅದರ ದೊಡ್ಡ ಗುಣ. ಒಳಗಿನ ನೀರಿಗೆ ಬಣ್ಣದ ಡಬ್ಬಿಯಲ್ಲಿ ಮದ್ದಿಲ್ಲ.

ಸ್ಟೇನ್‌ಲೆಸ್ ಸ್ಟೀಲಿನಲ್ಲೇ ಮಾಡಿಸಿದರೆ ತಲೆನೋವೇ ಇಲ್ಲ ಎನ್ನುವವರಿದ್ದಾರೆ. ಅರ್ಧ ನಿಜ. 304 ದರ್ಜೆಯಲ್ಲಿ ಶೇ 18ರಷ್ಟು ಕ್ರೋಮಿಯಂ ಇರುವುದರಿಂದ ಕಿಟ್ಟದ ಭಯ ಕಡಿಮೆ. ಆದರೆ ಅದು ಬಿಸಿಗೆ ಹಿಗ್ಗುವುದು ಮಾಮೂಲಿ ಉಕ್ಕಿಗಿಂತ ಹೆಚ್ಚು: ಒಂದು ಮೀಟರ್ ಕೊಳವೆ 600 ಡಿಗ್ರಿ ಏರಿದರೆ ಒಂದು ಸೆಂಟಿಮೀಟರಿಗೂ ಮೀರಿ ಉದ್ದವಾಗುತ್ತದೆ. ಹಿಗ್ಗಲು ಜಾಗ ಕೊಡದಿದ್ದರೆ ವೆಲ್ಡಿಂಗ್ ಬಿರುಕು ಬಿಡುತ್ತದೆ.

ಇನ್ನು ಆ ಪಟ್ಟಿ. ಗಾಜಿನ ನೂಲಿನದೋ ಬಸಾಲ್ಟ್ ಕಲ್ಲಿನ ನೂಲಿನದೋ ಪಟ್ಟಿ ಸುತ್ತಿದರೆ ಬಾನೆಟ್ ಒಳಗಿನ ಸೆಕೆ ತಗ್ಗುವುದು ದಿಟ. ಆದರೆ ಹೊರಹೋಗದ ಆ ಶಾಖ ಕೊಳವೆಯ ಮೈಯಲ್ಲೇ ನಿಂತು ಕಬ್ಬಿಣ ಇನ್ನಷ್ಟು ಕಾಯುತ್ತದೆ. ಮಳೆಯಲ್ಲಿ ನೆನೆದ ಪಟ್ಟಿ ನೀರನ್ನು ಹಿಡಿದಿಡುತ್ತದೆ. ರೇಸಿಗೆ ಮಾತ್ರ ಇಳಿಯುವ, ಪ್ರತಿ ಸಲ ಬಿಚ್ಚಿ ನೋಡುವ ಗಾಡಿಗೆ ಅದು ಸರಿ. ಹಳ್ಳ ದಾಟುವ ಮಲೆನಾಡಿನ ಜಿಪ್ಸಿಗೆ ನಾನಂತೂ ಸುತ್ತಿಸಲಾರೆ. ಪಕ್ಕದ ವೈರು, ಹೋಸುಗಳಿಗೆ ಬಿಸಿ ತಾಗುವುದೇ ಚಿಂತೆಯಾದರೆ ನಡುವೆ ಬೆರಳಗಲ ಸಂದು ಬಿಟ್ಟು ತಗಡಿನ ಮರೆ ಕಟ್ಟಿದರಾಯಿತು, ಗಾಳಿಯೂ ಆಡುತ್ತದೆ.

ಇದೆಲ್ಲ ಹಳೆಯ ಗಾಡಿಗಳ ಮಾತು. ಹೊಸ ಕಾರುಗಳಲ್ಲಿ ಮ್ಯಾನಿಫೋಲ್ಡಿಗೆ ಒತ್ತಿಕೊಂಡೇ ಕೆಟಲಿಟಿಕ್ ಕನ್ವರ್ಟರ್ ಇರುತ್ತದೆ. ಅದನ್ನು ಕಿತ್ತು ಹೆಡರ್ ಹಾಕಿಸುವುದು ಕಾನೂನಿಗೂ ವಿರೋಧ, ಊರಿನ ಗಾಳಿಗೂ ಕೇಡು.

ಸಂಜೆ ಹೊಸ ಹೆಡರ್ ಕೂರಿಸಿ, ನಟ್ಟುಗಳನ್ನು ನಡುವಿನಿಂದ ಹೊರಕ್ಕೆ ಸಮವಾಗಿ ಬಿಗಿದು, ಮೊದಲ ಸಲ ಸ್ಟಾರ್ಟ್ ಮಾಡಿದರು. ಬಣ್ಣ ಬೇಯುವ ಬಿಳಿ ಹೊಗೆ ಐದು ನಿಮಿಷ ಎದ್ದು ಅಡಗಿತು. ತಣಿದ ಮೇಲೆ ಮೇಸ್ತ್ರಿ ಮತ್ತೊಮ್ಮೆ ಸ್ಪ್ಯಾನರ್ ಹಿಡಿದು ನಟ್ಟುಗಳನ್ನು ಬಿಗಿದರು. ಗ್ಯಾಸ್ಕೆಟ್ ಬಿಸಿಗೆ ಕೂತ ಮೇಲೆ ಕಾಲು ಸುತ್ತು ಸಡಿಲ ಸಿಕ್ಕೇ ಸಿಗುತ್ತದಂತೆ. ಗಾಡಿಯ ಯಜಮಾನರ ಕೈಗೆ ಕೀಲಿ ಕೊಡುತ್ತಾ ಹೇಳಿದರು: ‘ಶೆಡ್ಡಿಂದ ಅಂಗಳಕ್ಕೆ ತರೋಕೆ ಅಂತ ಸ್ಟಾರ್ಟ್ ಮಾಡಿ ಆಫ್ ಮಾಡ್ಬೇಡಿ ಅಣ್ಣಾ. ಸ್ಟಾರ್ಟ್ ಮಾಡಿದ ಮೇಲೆ ಹಾನುಬಾಳಿನ ತನಕ ಹೋಗಿ ಬಂದ್ಬಿಡಿ.’